ಸಹಾಯ ಬೇಕು: ಪಿಕಲ್‌ಬಾಲ್‌ನಲ್ಲಿ ವಾಲಿ ಹೊಡೆದ ಮೇಲೆ ಕಿಚನ್‌ಗೆ ಕಾಲಿಟ್ಟರೆ ಯಾವಾಗ ಫಾಲ್ಟ್?

ಎಲ್ಲರಿಗೂ ನಮಸ್ಕಾರ. ಅಪಾರ್ಟ್‌ಮೆಂಟಿನ ಬ್ಯಾಡ್ಮಿಂಟನ್ ಕೋರ್ಟಲ್ಲೇ ಡಬಲ್ಸ್ ಆಡ್ತೀವಿ. ವಾಲಿ ಅಂದ್ರೆ ಚೆಂಡು ಪುಟಿಯೋ ಮೊದಲೇ ಹೊಡೆಯೋದು, ಕಿಚನ್ ಅಂದ್ರೆ ನೆಟ್ ಪಕ್ಕದ, ವಾಲಿ ಹೊಡೆಯಬಾರದ ಜಾಗ. ಎರಡೂ ಆಟಕ್ಕೆ ಅಳತೆ ಒಂದೇ, 20 ಅಡಿ ಅಗಲ, 44 ಅಡಿ ಉದ್ದ. ಆದ್ರೆ ಬ್ಯಾಡ್ಮಿಂಟನ್ನಿನ ಶಾರ್ಟ್ ಸರ್ವಿಸ್ ಗೆರೆ ನೆಟ್‌ನಿಂದ ಆರೂವರೆ ಅಡಿ, ಕಿಚನ್ ಗೆರೆ 7 ಅಡಿ. ಆ ಆರು ಇಂಚಿಗೇ ಜಗಳ ಆಗ್ತಿತ್ತು, ಹಳದಿ ಟೇಪ್ ಅಂಟಿಸಿದ ಮೇಲೆ ನಿಂತಿತು. ಸರ್ವ್, ರಿಟರ್ನ್ ಎರಡೂ ಪುಟಿದ ಮೇಲೇ ವಾಲಿ, 11 ಪಾಯಿಂಟ್, 2ರ ಅಂತರ, ಶುರುವಲ್ಲಿ 0-0-2 (ಎರಡೂ ಕಡೆ ಸೊನ್ನೆ, ಎರಡನೇ ಸರ್ವರ್) ಅಂತ ಕೂಗೋದು, ಇದೆಲ್ಲ ಸರಿಯಾಗಿದೆ.

ಸಮಸ್ಯೆ ಇಷ್ಟೇ. ಆಟಗಾರ ಗೆರೆಯ ಹಿಂದೆ ನಿಂತು ವಾಲಿ ಹೊಡೀತಾನೆ. ಚೆಂಡು ಆ ಕಡೆ ಎರಡು ಸಲ ಪುಟಿದು ಪಾಯಿಂಟ್ ಮುಗೀತದೆ. ಆಮೇಲೆ ಹೊಡೆದ ರಭಸಕ್ಕೆ ಗೆರೆ ತುಳಿದರೂ ಫಾಲ್ಟೇ, ಗೆರೆಯೂ ಕಿಚನ್ನೇ, ಒಪ್ಪಿದ್ವಿ. ಬಿದ್ದ ಟೋಪಿ, ಪ್ಯಾಡಲ್ ಒಳಗೆ ಹೋದರೂ ಫಾಲ್ಟ್. ಆದ್ರೆ ಮುಂದಕ್ಕೆ ಬಾಗಿದವನು ತುದಿಗಾಲಲ್ಲಿ ತಡೆದುಕೊಂಡು, ಒಂದು ಕ್ಷಣ ನಿಂತು, ಆಮೇಲೆ ಚೆಂಡು ತರೋಕೆ ಒಳಗೆ ಹೆಜ್ಜೆ ಇಟ್ಟರೆ? ಎದುರಿನವರು ಫಾಲ್ಟ್ ಅಂತಾರೆ.

ಮೊಬೈಲಲ್ಲಿ ವಿಡಿಯೋ ನಿಧಾನಕ್ಕೆ ಓಡಿಸಿ ನೋಡಿದ್ವಿ. ಹಿಮ್ಮಡಿ ನೆಲಕ್ಕೆ ಊರಿದೆ, ಭುಜ ಮಾತ್ರ ಇನ್ನೂ ಮುಂದಕ್ಕೇ ಇದೆ. ನಿಯಮದಲ್ಲಿ ಸೆಕೆಂಡಿನ ಲೆಕ್ಕ ಇಲ್ಲ.

ಅಂಪೈರಿಂಗ್ ಮಾಡಿದವರು ದಯವಿಟ್ಟು ಹೇಳಿ: ರಭಸ ಮುಗಿಯಿತು ಅಂತ ನೀವು ಯಾವುದನ್ನು ನೋಡಿ ತೀರ್ಮಾನ ಮಾಡ್ತೀರಿ, ಪಾದವನ್ನೋ, ಇಡೀ ದೇಹದ ಸಮತೋಲನವನ್ನೋ?