ನಾಟಕದ ಕೈದಿಗೆ ಕೈ, ಸೊಂಟ, ಕಾಲಿನ ಸರಪಳಿ ಜೋಡಿಸುವುದು ಹೇಗೆ?

ಪ್ರಶ್ನೆ
ಸಂಗೊಳ್ಳಿ ರಾಯಣ್ಣನ ನಾಟಕ. ಕೊನೆಯ ದೃಶ್ಯ 1831ರ ಜನವರಿ 26, ನಂದಗಡ. ನಟನ ಎತ್ತರ ಐದೂವರೆ ಅಡಿ. ಬೇಡಿಯಲ್ಲೇ ಮೂರು ಮೆಟ್ಟಿಲು ಹತ್ತಿ, ಎರಡೂ ಕೈ ಮೇಲೆತ್ತಿ ಮಾತಾಡಬೇಕು. ಕೈಬೇಡಿಯಿಂದ ಕಾಲುಬೇಡಿಗೆ ಒಂದೇ ಸರಪಳಿ ಇಳಿಬಿಟ್ಟಿದ್ದೇವೆ. ಗಿಡ್ಡ ಮಾಡಿದರೆ ಕೈ ಎದೆ ದಾಟುವುದಿಲ್ಲ, ಉದ್ದ ಮಾಡಿದರೆ ನೆಲಕ್ಕೆ ಬಿದ್ದು ಕಾಲಿಗೆ ತೊಡರುತ್ತದೆ. ಬೇರೆ ಜೋಡಣೆ ಇದೆಯೇ?

ಉತ್ತರ 1
ಒಂದೇ ಸರಪಳಿಯಲ್ಲಿ ಇದು ಆಗುವುದಿಲ್ಲ ಸರ್. ಕೈ ಸೊಂಟದ ಹತ್ತಿರ ಇದ್ದಾಗ ಮೂರಡಿ ಸಾಕು, ತಲೆಯ ಮೇಲೆ ಹೋದಾಗ ಸುಮಾರು ಆರಡಿ ಬೇಕು. ಆ ಹೆಚ್ಚಿನ ಮೂರಡಿಯೇ ನೆಲಕ್ಕೆ ಬೀಳುತ್ತಿರುವುದು. ಸೊಂಟಕ್ಕೊಂದು ಸರಪಳಿ ಸುತ್ತಿ, ಹೊಕ್ಕುಳ ಮುಂದೆ ಬಳೆ ಕೂರಿಸಿ, ಅಲ್ಲಿಂದ ಮೇಲಿನದು ಕೆಳಗಿನದು ಬೇರೆ ಮಾಡಿ. ಸೊಂಟದ ಸುತ್ತನ್ನು ಒಳಗೊಂದು ಬೆಲ್ಟಿಗೆ ಹೊಲಿಯಿರಿ, ಇಲ್ಲದಿದ್ದರೆ ಭಾರಕ್ಕೆ ಜಾರುತ್ತದೆ.

ಕೈಗಳ ನಡುವೆ 20 ಅಂಗುಲ, ಅದರ ಮಧ್ಯದಿಂದ ಬಳೆಗೆ 33 ಅಂಗುಲ. ಕೈ ಪೂರ್ತಿ ಏಳುತ್ತದೆ. ಇಳಿಸಿದಾಗ ಜೋತು ಮಂಡಿಯವರೆಗೆ ಮಾತ್ರ ಬರುತ್ತದೆ.

ಕಾಲುಗಳ ನಡುವೆಯೂ 20. ಸೊಂಟದಿಂದ ಇಳಿದ ಸರಪಳಿ ಅದರ ಮಧ್ಯವನ್ನು ಕಾಲಿನ ಗಿಣ್ಣಿಗಿಂತ 4 ಅಂಗುಲ ಮೇಲೆ ಹಿಡಿದಿರಬೇಕು. ಹೆಜ್ಜೆಗೆ 18 ಅಂಗುಲ ಉಳಿಯುತ್ತದೆ. 7 ಅಂಗುಲ ಎತ್ತರ, 11 ಅಂಗುಲ ಅಗಲದ ಮೆಟ್ಟಿಲಿಗೆ 13 ಸಾಕು, ಆದರೆ ಪ್ರತಿ ಮೆಟ್ಟಿಲಲ್ಲೂ ಎರಡು ಕಾಲು ಜೋಡಿಸಿಯೇ ಹತ್ತಬೇಕು. ಒಂದಾದ ಮೇಲೊಂದು ಕಾಲಿಟ್ಟು ಹತ್ತಿದರೆ 26 ಬೇಕಾಗುತ್ತದೆ, ಮುಗ್ಗರಿಸುವುದು ಖಂಡಿತ. ಬೇಡಿ ತೊಟ್ಟವನ ನಡಿಗೆಯೂ ಹಾಗೆಯೇ ಇರುವುದು.

ಉತ್ತರ 2
ಅಳತೆ ಸರಿ. ಆದರೆ 6 ಮಿ.ಮೀ. ಕಬ್ಬಿಣದ ಸರಪಳಿ ಮೀಟರಿಗೆ ಮುಕ್ಕಾಲು ಕಿಲೋ ದಾಟುತ್ತದೆ. ಕಾಲಿನದನ್ನು ಮಾತ್ರ ಕಬ್ಬಿಣದ್ದು ಹಾಕಿ, ಸದ್ದು ಅಲ್ಲಿಂದಲೇ ಬರಬೇಕು. ಮೇಲಿನದಕ್ಕೆಲ್ಲ ಪ್ಲಾಸ್ಟಿಕ್ ಸರಪಳಿ, ಹೊಳಪಿಲ್ಲದ ಕಪ್ಪು ಬಣ್ಣ.

ಒಂದು ಮಾತು ದಯವಿಟ್ಟು ಮರೆಯಬೇಡಿ: ಕಾಲಿನ ಸರಪಳಿಗೆ ಸೊಂಟದ್ದು ಸೇರುವ ಕಡೆ ಕೊಂಡಿ ಹಾಕಬಾರದು, ಒಂದೆಳೆ ಹೊಲಿಗೆ ದಾರ ಕಟ್ಟಿ. ಯಾರಾದರೂ ತುಳಿದರೆ ದಾರ ಹರಿಯಲಿ, ನಟ ಬೀಳದಿರಲಿ. ಬೇಡಿಗೆ ಬೀಗ ಬೇಡವೇ ಬೇಡ. ಎರಡು ಹೋಳು ಬಳೆ, ಒಳಗೆ ಫೆಲ್ಟ್, ಬಾಯಿಗೆ ವೆಲ್ಕ್ರೋ, ಎಳೆದರೆ ಬಿಚ್ಚಬೇಕು.

ಉತ್ತರ 3
ಹಲ್ಲು ಕೂರುವ ಪೊಲೀಸ್ ಕೈಕೋಳ ತರಬೇಡಿ. ಅದಕ್ಕೆ ಅಮೆರಿಕದಲ್ಲಿ ಪೇಟೆಂಟ್ ಸಿಕ್ಕಿದ್ದು 1862ರಲ್ಲಿ. 1831ರ ಕೈದಿಗೆ ಸರಳ ಕಬ್ಬಿಣದ ಬಳೆಯೇ ಸರಿ. ದಂಡಬೇಡಿಯೂ ಬೇಡ. ಗಿಣ್ಣಿನಿಂದ ಸೊಂಟಕ್ಕೆ ಸಲಾಕೆ ಬರುವ ಜೋಡಣೆ ಅದು. ಕಾಲೆತ್ತಿದಾಗ ಸಲಾಕೆ ಮಡಚುವುದಿಲ್ಲ, ಸೊಂಟವನ್ನೇ ಒತ್ತುತ್ತದೆ. ನಿಂತೇ ಇರುವ ದೃಶ್ಯಕ್ಕಾದರೆ ವೈರಿಂಗಿನ ಪಿವಿಸಿ ಪೈಪಿನಲ್ಲಿ ಮಾಡಬಹುದು, ಮೆಟ್ಟಿಲು ಹತ್ತುವವರಿಗೆ ಆಗದು.