ಸಂಘದ ದಿನಸಿ ಅಂಗಡಿಯಲ್ಲಿ ಊರ ತರಕಾರಿ, ಗದ್ದೆ ಅಕ್ಕಿ: ಮಳೆಗಾಲ ದಾಟಿಸುವುದು ಹೇಗೆ?

ಗದ್ದೆಬದು (ನಾಪೋಕ್ಲು ಕಡೆ)

ನಮ್ಮ ಕೃಷಿ ಪತ್ತಿನ ಸಹಕಾರ ಸಂಘದ ದಿನಸಿ ಅಂಗಡಿಯಲ್ಲಿ ಇರುವುದೆಲ್ಲ ಹೊರಗಿನ ಮಾಲು. ಸದಸ್ಯರ ಹಿತ್ತಲಲ್ಲಿ ಬಸಳೆ, ಕೆಸ, ಬಾಳೆದಿಂಡು, ಬಟರ್‌ಫ್ರೂಟ್ ಮಿಕ್ಕಿ ಕೊಳೆಯುತ್ತವೆ. ಅದೇ ಸದಸ್ಯರು ಮಂಗಳವಾರ ಕುಶಾಲನಗರ ಸಂತೆಗೋ ಶುಕ್ರವಾರ ಮಡಿಕೇರಿ ಸಂತೆಗೋ ಹೋಗಿ ಬಾಡಿದ ಸೊಪ್ಪು ತರುತ್ತಾರೆ. ಅಂಗಡಿಯ ಒಂದು ಗೋಡೆಯನ್ನು ಊರ ಬೆಳೆಗೇ ಬಿಡುವ ಆಲೋಚನೆ ಆಡಳಿತ ಮಂಡಳಿಯಲ್ಲಿದೆ.

ಗೊತ್ತಿರುವವರು ತಿಳಿಸಿ. ಜೂನ್‌ನಿಂದ ಆಗಸ್ಟ್‌ವರೆಗೆ ಸೊಪ್ಪನ್ನು ಅಂಗಡಿಯಲ್ಲಿ ಹೇಗೆ ಉಳಿಸುವುದು? ಇಟ್ಟಿಗೆ-ಮರಳಿನ ತಂಪು ಪೆಟ್ಟಿಗೆ ಕಟ್ಟಿಸಿದರೆ ಉಪಯೋಗವೇ? ಪಾಲಿಶ್ ಮಾಡದ ಗದ್ದೆ ಅಕ್ಕಿ ಕೆಲವೇ ವಾರಗಳಲ್ಲಿ ಕಮಟು ವಾಸನೆ ಹೊಡೆಯುತ್ತದೆ, ಅದಕ್ಕೇನು ದಾರಿ? ಬೆಲೆ ಕಟ್ಟುವ ಕ್ರಮ ಯಾವುದು? ಇನ್ನೊಂದು, ಈ ಗೋಡೆ ತೋಟದ ಮಾಲೀಕರ ಅಂಗಡಿ ಅನ್ನಿಸಿಕೊಳ್ಳಬಾರದು. ಲೈನ್‌ಮನೆಗಳಲ್ಲಿರುವ ತೋಟದ ಕಾರ್ಮಿಕರೂ ಬಂದು ಕೊಳ್ಳುವಂತಾಗಬೇಕು.

ಸಂತೆಚೀಲ (ಗೋಣಿಕೊಪ್ಪ)

ಇಟ್ಟಿಗೆ ಪೆಟ್ಟಿಗೆಗೆ ಈಗ ದುಡ್ಡು ಹಾಕಬೇಡಿ. ಎರಡು ಸಾಲು ಇಟ್ಟಿಗೆ ಕಟ್ಟಿ, ನಡುವಿನ ಏಳೂವರೆ ಸೆಂಟಿಮೀಟರ್ ಸಂದಿಗೆ ಮರಳು ತುಂಬಿ, ದಿನಕ್ಕೆರಡು ಸಲ ನೀರು ಹನಿಸುತ್ತೀರಿ. ಆ ನೀರು ಆವಿಯಾಗಿ ಹೋಗುವಾಗ ಒಳಗಿನ ಬಿಸಿ ಎಳೆದುಕೊಂಡು ಹೋಗುತ್ತದೆ, ತಂಪು ಬರುವುದು ಅಷ್ಟರಿಂದಲೇ. ಕಕ್ಕಡ ತಿಂಗಳ (ಜುಲೈ-ಆಗಸ್ಟ್) ಮಳೆಯಲ್ಲಿ ಗಾಳಿಯೇ ನೀರು ಕುಡಿದು ಕೂತಿರುತ್ತದೆ, ಆವಿ ಹೋಗಲು ಜಾಗವಿಲ್ಲ. ಒಳಗೆ ತಂಪು ಬರುವುದಿಲ್ಲ, ಬೂಸ್ಟು ಮಾತ್ರ ಬರುತ್ತದೆ. ಫೆಬ್ರವರಿಯಿಂದ ಮುಂಗಾರು ಹಿಡಿಯುವವರೆಗೆ ಅದು ನಿಜಕ್ಕೂ ಒಳ್ಳೆಯ ಸಾಧನ, ಆಗ ಕಟ್ಟಿಸಿ.

ಮಳೆಗಾಲದಲ್ಲಿ ಸೊಪ್ಪು ಬಾಡಿ ಸಾಯುವುದು ಕಡಿಮೆ, ಒದ್ದೆಯಿಂದ ಸಾಯುವುದೇ ಹೆಚ್ಚು. ಎಲೆಯ ಮೇಲೆ ನೀರಿನ ಪೊರೆ ನಿಂತರೆ ಕೊಳೆರೋಗದ ಬ್ಯಾಕ್ಟೀರಿಯಾ ಕಡ್ಡಿ ಮುರಿದ ಗಾಯದಿಂದ ಒಳಗಿಳಿಯುತ್ತವೆ. ಬಿಗಿಯಾಗಿ ಕಟ್ಟಿದ ಕಟ್ಟಿನ ನಡುಭಾಗ ಮರುದಿನಕ್ಕೇ ಲೋಳೆ. ಹೊರಗಿನ ನಾಲ್ಕೆಲೆ ಹಸಿರಾಗಿರುವುದರಿಂದ ಯಾರಿಗೂ ಗೊತ್ತಾಗುವುದಿಲ್ಲ. ಆದ್ದರಿಂದ ಬೆಳೆಗಾರರಿಗೆ ಮೊದಲು ಹೇಳಬೇಕಾದದ್ದು, ತೊಳೆದು ತರಬೇಡಿ ಎಂದು. ಮಳೆ ಬಿಟ್ಟ ಹೊತ್ತಿನಲ್ಲಿ ಚಾಕುವಿನಿಂದ ಕೊಯ್ಯಬೇಕು, ಕಿತ್ತು ಜಜ್ಜಬಾರದು. ಅಂಗಡಿಗೆ ಬಂದ ಕೂಡಲೇ ಬಿದಿರು ತಟ್ಟಿಯ ಮೇಲೆ ತೆಳ್ಳಗೆ ಹರಡಿ ಅರ್ಧ ಗಂಟೆ ಫ್ಯಾನ್ ಗಾಳಿ. ನೀರು ಇಳಿದ ಮೇಲೆ ಬಾಳೆನಾರಿನಲ್ಲಿ ಸಡಿಲವಾಗಿ ಕಟ್ಟಿ, ಬುಡ ಮಾತ್ರ ಎರಡು ಇಂಚು ನೀರಿನಲ್ಲಿ ಮುಳುಗುವಂತೆ ನೆಟ್ಟಗೆ ನಿಲ್ಲಿಸಿ, ಆ ನೀರನ್ನು ದಿನವೂ ಬದಲಿಸಿ. ಒದ್ದೆ ಗೋಣಿ ಹೊದಿಸುವುದು ಬೇಸಿಗೆಗೆ, ಮಳೆಗಾಲಕ್ಕಲ್ಲ.

ಬಾಳೆಗೊನೆಯನ್ನು ಸೊಪ್ಪಿನ ಮೇಲುಗಡೆ ತೂಗುಹಾಕುವ ರೂಢಿ ಎಲ್ಲ ಅಂಗಡಿಗಳಲ್ಲೂ ಇದೆ. ಹಣ್ಣಾಗುತ್ತಿರುವ ಬಾಳೆ ಬಿಡುವ ಎಥಿಲೀನ್‌ಗೆ ಸೊಪ್ಪು ಬೇಗ ಹಳದಿ ತಿರುಗುತ್ತದೆ. ಎದುರು ಗೋಡೆಗೆ ಸಾಗಿಸಿ. ಬಟರ್‌ಫ್ರೂಟನ್ನು ಗಟ್ಟಿ ಇದ್ದಾಗಲೇ ಕೊಯ್ದು, ತೊಟ್ಟು ಚೂರು ಉಳಿಸಿಕೊಂಡು ತರಬೇಕು. ತೊಟ್ಟು ಕಿತ್ತುಹೋದ ಕಡೆಯಿಂದಲೇ ಕಪ್ಪಾಗಲು ಶುರು. ಗಟ್ಟಿ ಕಾಯನ್ನು ಫ್ರಿಜ್ಜಿಗೆ ಹಾಕಿದರೆ ತಿರುಳು ಬೂದು ಬಣ್ಣಕ್ಕೆ ತಿರುಗಿ ನಾರಾಗುತ್ತದೆ. ‘ಇವತ್ತಿಗೆ’, ‘ಮೂರು ದಿನಕ್ಕೆ’ ಎಂದು ಎರಡು ಬುಟ್ಟಿ ಮಾಡಿಟ್ಟರೆ ಗಿರಾಕಿಗಳು ಹಿಸುಕಿ ನೋಡುವುದು ನಿಲ್ಲುತ್ತದೆ, ಅರ್ಧ ನಷ್ಟ ಆಗುವುದೇ ಆ ಹಿಸುಕಾಟದಿಂದ.

ಕಾರ್ಗಾಲದ ಮೂರು ತಿಂಗಳು ಸೊಪ್ಪನ್ನೇ ನಂಬಬೇಡಿ. ಮೇ ತಿಂಗಳಲ್ಲಿ ತೊಟ್ಟು ಸಮೇತ ಕೊಯ್ದ ಸಿಹಿಗುಂಬಳ, ಬೂದುಗುಂಬಳ, ಮಂಗಳೂರು ಸೌತೆ, ಒಣಗಿಸಿದ ಹಲಸಿನ ಬೀಜ, ದಿನದಿನ ಕಡಿಯುವ ಬಾಳೆದಿಂಡು, ಇವೇ ಆಗ ಗೋಡೆ ತುಂಬಬೇಕು. ಕುಂಬಳ, ಸೌತೆ ಒಂದಕ್ಕೊಂದು ತಾಗದಂತೆ ಅಟ್ಟದಲ್ಲಿ ಸಾಲಾಗಿಡಿ ಅಥವಾ ಬಾಳೆನಾರಿನಲ್ಲಿ ನೇತುಹಾಕಿ.

ಕಣಜ (ಅಮ್ಮತ್ತಿ)

ಅಕ್ಕಿಯ ವಿಷಯಕ್ಕೆ ಬರುತ್ತೇನೆ. ಕಮಟು ವಾಸನೆ ತೌಡಿನ ಎಣ್ಣೆಯದು. ಮೇಲಿನ ಹೊಟ್ಟು ಬಿಟ್ಟಿತೆಂದರೆ ತೌಡಿನ ಪದರಕ್ಕೆ ಪೆಟ್ಟು ಬಿದ್ದು, ಅದರಲ್ಲೇ ಇರುವ ಲೈಪೇಸ್ ಎಂಬ ಕಿಣ್ವ ಎಣ್ಣೆಯನ್ನು ಒಡೆಯಲು ಶುರುಮಾಡುತ್ತದೆ. ಭತ್ತವಾಗಿ ಇದ್ದಷ್ಟು ದಿನ ಈ ಕಾಟವಿಲ್ಲ. ಹಾಗಾಗಿ ಸಂಘ ದಾಸ್ತಾನು ಮಾಡಬೇಕಾದದ್ದು ಭತ್ತವನ್ನು, ಅಕ್ಕಿಯನ್ನಲ್ಲ. ಹದಿನೈದು ದಿನಕ್ಕೆ ಬೇಕಾದಷ್ಟನ್ನು ಮಾತ್ರ ಗಿರಣಿಗೆ ಕಳುಹಿಸಿ, ಚೀಲದ ಮೇಲೆ ಮಿಲ್ ಮಾಡಿದ ತಾರೀಖು ದಪ್ಪಕ್ಷರದಲ್ಲಿ ಬರೆಯಿರಿ.

ಹುತ್ತರಿ (ಸುಗ್ಗಿ ಹಬ್ಬ) ಕಳೆದು ಭತ್ತ ಬರುವಾಗ ತೇವ ಶೇ. 14ಕ್ಕಿಂತ ಹೆಚ್ಚಿದ್ದರೆ ವಾಪಸ್ ಕಳಿಸಿ, ದಾಕ್ಷಿಣ್ಯ ಬೇಡ. ಮೀಟರ್ ಇಲ್ಲದಿದ್ದರೆ ಉಪ್ಪಿನ ಪರೀಕ್ಷೆ ಸಾಕು. ಚೆನ್ನಾಗಿ ಒಣಗಿದ ಗಾಜಿನ ಬಾಟಲಿಗೆ ಮೂರನೇ ಒಂದು ಭಾಗ ಭತ್ತ, ಎರಡು ಚಮಚ ಪುಡಿ ಉಪ್ಪು ಹಾಕಿ ಮುಚ್ಚಿ, ಒಂದು ನಿಮಿಷ ಕುಲುಕಿ, ಕಾಲು ಗಂಟೆ ಬಿಡಿ. ಉಪ್ಪು ಗಾಜಿನ ಒಳಮೈಗೆ ಮೆತ್ತಿಕೊಂಡರೆ ತೇವ ಶೇ. 15 ದಾಟಿದೆ, ತಳಕ್ಕೆ ಉದುರಿದರೆ ಅದಕ್ಕಿಂತ ಕಡಿಮೆ. ನಮ್ಮಲ್ಲಿ ಡಬ್ಬಿಯೊಳಗಿನ ಉಪ್ಪೇ ನೀರೊಡೆದಿರುತ್ತದೆ, ಬಾಣಲೆಯಲ್ಲಿ ಹುರಿದು ಆರಿಸಿದ ಮೇಲೆ ಬಳಸಿ. ಇಲ್ಲದಿದ್ದರೆ ಒಣ ಭತ್ತವೂ ಫೇಲಾಗುತ್ತದೆ.

ಚೀಲಗಳು ನೆಲದಿಂದ ಅರ್ಧ ಅಡಿ ಎತ್ತರದ ಮರದ ಹಲಗೆಯ ಮೇಲಿರಲಿ, ಗೋಡೆಯಿಂದ ಒಂದಡಿ ದೂರ. ಮಳೆಗಾಲದಲ್ಲಿ ಗೋಡೆಯೇ ಬೆವರುತ್ತದೆ. ಗಾಳಿಯಾಡದ ಒಳಚೀಲ ಹಾಕಿ ಬಾಯಿ ತಿರುಚಿ ಕಟ್ಟಿದರೆ ಒಳಗಿನ ಹುಳ ಉಸಿರಿಲ್ಲದೆ ಸಾಯುತ್ತದೆ, ಮಾತ್ರೆ ಇಡಬೇಕಾಗಿಲ್ಲ. ತೇವವಿರುವ ಭತ್ತವನ್ನು ಅದೇ ಚೀಲಕ್ಕೆ ತುಂಬಿದರೆ ಪೂರ್ತಿ ಮುಗ್ಗುತ್ತದೆ ಎಂಬುದೂ ನೆನಪಿರಲಿ.

ಹೊಟ್ಟು ಮಾತ್ರ ಬಿಡಿಸಲು ರಬ್ಬರ್ ರೋಲ್ ಇರುವ ಗಿರಣಿಯೇ ಬೇಕು. ಹಳೆಯ ಹಲ್ಲರ್‌ನಲ್ಲಿ ಕಾಳು ತುಂಬ ಮುರಿಯುತ್ತದೆ. ಮುರಿದದ್ದನ್ನು ಬೇರೆ ಊರಿನವರು ನುಚ್ಚೆಂದು ಅಗ್ಗಕ್ಕೆ ಬಿಡುತ್ತಾರೆ, ನಮಗೆ ಅದು ಚಿನ್ನ. ಜರಡಿ ಹಿಡಿದು, ನಮ್ಮ ಅಕ್ಕಿತರಿಯ ತಿಂಡಿಗಳಾದ ಕಡಂಬುಟ್ಟು, ಪಾಪುಟ್ಟುಗಳಿಗೆ ಕಡಂಬುಟ್ಟಿನ ತರಿ, ಪಾಪುಟ್ಟಿನ ತರಿ ಎಂದು ಬೇರೆಬೇರೆ ಅರ್ಧ ಕೆ.ಜಿ. ಪ್ಯಾಕೆಟ್ ಮಾಡಿ. ಕೈಲ್‌ಪೊಳ್ದ್ ಹಬ್ಬ ಹತ್ತಿರ ಬಂದಾಗ ಅಕ್ಕಿಗಿಂತ ತರಿಯನ್ನೇ ಕೇಳಿಕೊಂಡು ಬರುತ್ತಾರೆ. ಈ ಒಂದು ಮಾಲಿನಿಂದ ಗದ್ದೆ ಅಕ್ಕಿಯ ಲೆಕ್ಕ ನೆಟ್ಟಗಾಗುತ್ತದೆ, ಗದ್ದೆಯನ್ನು ಪಾಳು ಬಿಡುವ ಯೋಚನೆಯಲ್ಲಿರುವವರಿಗೂ ಇನ್ನೊಂದು ವರ್ಷ ಉಳುವ ಧೈರ್ಯ ಬರುತ್ತದೆ.

ರೋಜು ಕಿರ್ದಿ (ವಿರಾಜಪೇಟೆ)

ಬೆಲೆ ಕಟ್ಟುವಾಗ ಎಲ್ಲರೂ ಮಾಡುವ ತಪ್ಪು, ಕೊಂಡ ಬೆಲೆಯ ಮೇಲೆ ಶೇ. 20 ಇಟ್ಟು ಸುಮ್ಮನಾಗುವುದು. ಹತ್ತು ಕೆ.ಜಿ. ಬೀನ್ಸನ್ನು ಕೆ.ಜಿ.ಗೆ 40 ರೂಪಾಯಿಯಂತೆ ಕೊಂಡಿರಿ ಎಂದಿಟ್ಟುಕೊಳ್ಳಿ. ಕೊಟ್ಟದ್ದು 400. ಕೊಳೆತು, ತೂಕ ಇಳಿದು ಮಾರಲು ಸಿಗುವುದು 8.8 ಕೆ.ಜಿ. 48 ರೂಪಾಯಿಯಂತೆ ಮಾರಿದರೆ ಬರುವುದು 422. ಸಂಬಳ, ಕರೆಂಟು, ಚೀಲಕ್ಕೆ ಮಾರಾಟದ ಶೇ. 15 ತೆಗೆದರೆ ಉಳಿಯುವುದು 359. ಅಂದರೆ 41 ರೂಪಾಯಿ ಕೈಬಿಟ್ಟು ಹೋಯಿತು. ಸರಿಯಾದ ಲೆಕ್ಕ ಹೀಗೆ: 400ನ್ನು ಮೊದಲು 8.8ರಿಂದ, ಆಮೇಲೆ 0.85ರಿಂದ (ಖರ್ಚಿನ ಶೇ. 15 ಕಳೆದು ಉಳಿಯುವ ಭಾಗ) ಭಾಗಿಸಿ. ಬರುವುದು ಐವತ್ಮೂರೂವರೆ. ಅದಕ್ಕಿಂತ ಕೆಳಗೆ ಮಾರಿದರೆ ಗೊಬ್ಬರ ಮಾರಿದ ದುಡ್ಡಿನಿಂದ ತರಕಾರಿ ಸಾಕಿದಂತೆ. ಬಿಸಾಡಿದ್ದನ್ನು ದಿನವೂ ತೂಗಿ ಮಾಲುವಾರು ಬರೆದಿಡಿ. ನಷ್ಟದ ಶೇಕಡಾವಾರು ಊಹೆಯಿಂದ ಬರಬಾರದು, ಆ ಪುಸ್ತಕದಿಂದ ಬರಬೇಕು.

ಬೆಳೆಗಾರರಿಗೆ ಕೊಟ್ಟದ್ದೆಷ್ಟು, ಮಾರುವುದೆಷ್ಟು, ಎರಡನ್ನೂ ಒಂದೇ ಹಲಗೆಯಲ್ಲಿ ಬರೆಯಿರಿ. ತಂದವರೂ ಕೊಳ್ಳುವವರೂ ಒಂದೇ ಸಂಘದವರಾದ ಮೇಲೆ ಮುಚ್ಚಿಡುವುದೇಕೆ? ವಿದ್ಯುತ್ ತಕ್ಕಡಿಗೆ ಕಾನೂನು ಮಾಪನ ಇಲಾಖೆಯ ಮುದ್ರೆ ವರ್ಷಕ್ಕೊಮ್ಮೆ ಬೀಳಲೇಬೇಕು, ಡಿಸ್‌ಪ್ಲೇ ಗಿರಾಕಿಯ ಕಡೆಗಿರಲಿ.

ಸಾಲಕ್ಕೆ ಕೊಡಬೇಡಿ. 1844ರಲ್ಲಿ ಇಂಗ್ಲೆಂಡಿನ ರೋಚ್‌ಡೇಲ್‌ನಲ್ಲಿ 28 ಜನ ಸೇರಿ ಹಿಟ್ಟು, ಬೆಣ್ಣೆ, ಸಕ್ಕರೆ, ಮೇಣದ ಬತ್ತಿ ಇಟ್ಟು ತೆರೆದ ಅಂಗಡಿ ನಿಂತದ್ದು ಕಲಬೆರಕೆಯಿಲ್ಲದ ಮಾಲು, ಸರಿಯಾದ ತೂಕ, ನಗದು ವ್ಯಾಪಾರ, ಕೊಂಡಷ್ಟಕ್ಕೆ ತಕ್ಕಂತೆ ಲಾಭದ ಪಾಲು ಎಂಬ ನಿಯಮಗಳ ಮೇಲೆ. ಕೊನೆಯದು ಲೈನ್‌ಮನೆಯವರ ಪ್ರಶ್ನೆಗೂ ಉತ್ತರ. ಸಾವಿರ ರೂಪಾಯಿ ಷೇರಿಗೆ ಶೇ. 10 ಡಿವಿಡೆಂಡ್ ಕೊಟ್ಟರೂ ಸಿಗುವುದು 100. ತಿಂಗಳಿಗೆ 3,000 ರೂಪಾಯಿ ದಿನಸಿ ಕೊಳ್ಳುವ ಮನೆಗೆ ವರ್ಷದ ಖರೀದಿಯ ಮೇಲೆ ಶೇ. 2 ರಿಬೇಟ್ ಕೊಟ್ಟರೆ 720. ಷೇರು ಹೆಚ್ಚಿದ್ದವರಿಗಿಂತ ಅಂಗಡಿಯನ್ನು ನಡೆಸುವವರಿಗೆ ಹೆಚ್ಚು ಹೋಗುತ್ತದೆ, ಅದೇ ನ್ಯಾಯ. ಇದಕ್ಕೆ ಪ್ರತಿ ಬಿಲ್ಲಿನಲ್ಲೂ ಸದಸ್ಯ ಸಂಖ್ಯೆ ಬೀಳಬೇಕು, ಉಪವಿಧಿಯಲ್ಲಿ ಅವಕಾಶವಿರಬೇಕು. ಇಲ್ಲದಿದ್ದರೆ ಮಹಾಸಭೆಯಲ್ಲಿ ತಿದ್ದುಪಡಿ ತನ್ನಿ. ನಿವ್ವಳ ಲಾಭದ ಶೇ. 25 ಆಪದ್ಧನ ನಿಧಿಗೆ ಹೋದ ಮೇಲಿನ ಮಾತು ಇದೆಲ್ಲ.

ಲೈನ್‌ಮನೆಯವರನ್ನು ನಾಮಮಾತ್ರ ಸದಸ್ಯರನ್ನಾಗಿ ಮಾಡಿ ಕೈತೊಳೆದುಕೊಳ್ಳಬೇಡಿ, ಅದರಲ್ಲಿ ಓಟೂ ಇಲ್ಲ, ಲಾಭದಲ್ಲಿ ಪಾಲೂ ಇಲ್ಲ. ಷೇರಿನ ಹಣವನ್ನು ಕಂತಿನಲ್ಲಿ ಕಟ್ಟಿಸಿಕೊಂಡು ಪೂರ್ಣ ಸದಸ್ಯತ್ವ ಕೊಡಿ. ವಾರದ ಬಟವಾಡೆಯ ದಿನ ಸಂಜೆ ಎಂಟರವರೆಗೆ ಬಾಗಿಲು ತೆರೆದಿರಲಿ. ಬೇಳೆ, ಎಣ್ಣೆ, ಬೆಲ್ಲ ನೂರು ಗ್ರಾಂ ಕೇಳಿದರೂ ಕೆ.ಜಿ.ಯ ದರದಲ್ಲೇ ತೂಗಿ ಕೊಡಬೇಕು. ಸಣ್ಣ ಪ್ಯಾಕೆಟ್ಟಿನಲ್ಲಿ ಬಡವರಿಂದ ಹೆಚ್ಚು ಕೀಳುವುದನ್ನು ಸಹಕಾರ ಎನ್ನಲಾಗದು.

ಕಾಚಂಪುಳಿ (ಭಾಗಮಂಡಲ ರಸ್ತೆ)

ಮೇಲಿನವರು ಬಿಟ್ಟ ಮೂರು ಮಾಲಿನ ಬಗ್ಗೆ. ಜೇನಿನಲ್ಲಿ ನೀರಿನಂಶ ಶೇ. 20 ಮೀರಬಾರದು. ತುಡುವೆ ಜೇನು, ಅದರಲ್ಲೂ ಮುಚ್ಚಳ ಕಟ್ಟದ ಎರಿಯಿಂದ ತೆಗೆದದ್ದು, ಇದನ್ನು ಸುಲಭವಾಗಿ ಮೀರುತ್ತದೆ, ಮಳೆಗಾಲದಲ್ಲಿ ಬಾಟಲಿಯೊಳಗೇ ಹುಳಿಯುತ್ತದೆ. ನೀರಿನಂಶ ಅಳೆಯುವ ಒಂದು ಕೈ ರಿಫ್ರ್ಯಾಕ್ಟೋಮೀಟರ್ ಕೊಂಡಿಡಿ. ಜೇನು ಶುದ್ಧವೇ ಎಂದು ನೋಡಲು ಕಾಗದಕ್ಕೆ ಹಚ್ಚುವುದು, ಬೆಂಕಿಕಡ್ಡಿಯನ್ನು ಅದ್ದಿ ಗೀರುವುದು, ಇವು ಯಾವುದನ್ನೂ ಸಾಬೀತು ಮಾಡುವುದಿಲ್ಲ. ಹರಳುಗಟ್ಟಿದ ಮಾತ್ರಕ್ಕೆ ಜೇನು ಕಲಬೆರಕೆ ಎನ್ನಲಾಗದು.

ಕಣಿಲೆಯನ್ನು (ಬಿದಿರಿನ ಎಳೆ ಮೊಳಕೆ) ಹಸಿಯಾಗಿ ಮಾರುವುದಾದರೆ ಜೊತೆಗೆ ಚೀಟಿ ಕೊಡಿ: ತೆಳ್ಳಗೆ ಹೆಚ್ಚಿ ಎರಡು ಮೂರು ದಿನ ನೀರಿನಲ್ಲಿಟ್ಟು, ದಿನವೂ ನೀರು ಬದಲಿಸಿ, ಆಮೇಲೆ ಕುದಿಸಿ ಆ ನೀರನ್ನೂ ಚೆಲ್ಲಬೇಕು. ಹಸಿಯದರಲ್ಲಿ ಸೈನೈಡ್ ಬಿಡುವ ಅಂಶವಿದೆ, ನೆನೆಸಿದ ನೀರನ್ನು ದನಗಳಿಗೂ ಕೊಡಬಾರದು. ತೋಟದ ಬಿದಿರಿನದ್ದನ್ನು ಮಾತ್ರ ತೆಗೆದುಕೊಳ್ಳಿ, ಮೀಸಲು ಅರಣ್ಯದ್ದಲ್ಲ.

ಕಾಡಿನ ಅಣಬೆಯನ್ನು ಅಂಗಡಿಯಲ್ಲಿ ಇಡಲೇಬೇಡಿ. ಕಿತ್ತವರಿಗೆ ಗುರುತು ಸರಿಯಾಗಿ ಗೊತ್ತಿರಬಹುದು, ಆದರೆ ಬುಟ್ಟಿಯಲ್ಲಿ ಬೆರೆತ ಒಂದು ಅಣಬೆಗೆ ಸಂಘ ಉತ್ತರ ಹೇಳಲಾರದು.

ಗದ್ದೆಬದು

ಎಲ್ಲರಿಗೂ ಧನ್ಯವಾದ. ಉಪ್ಪಿನ ಪರೀಕ್ಷೆಯನ್ನೂ 0.85ರ ಲೆಕ್ಕವನ್ನೂ ಮಂಡಳಿಯ ಮುಂದಿಡುತ್ತೇನೆ. ಒಂದೇ ಸಂಶಯ: ಎಷ್ಟು ಕಟ್ಟು ಸೊಪ್ಪು ತರಿಸಬೇಕೆಂದು ಮೊದಲ ವಾರ ಊಹಿಸುವುದು ಹೇಗೆ?

ಸಂತೆಚೀಲ

ಊಹಿಸಬೇಡಿ, ಬರೆಸಿಕೊಳ್ಳಿ. ಸೋಮವಾರ, ಗುರುವಾರ ಸಂಜೆಯೊಳಗೆ ಬೇಕಾದವರು ಹಲಗೆಯಲ್ಲಿ ಹೆಸರು, ಕಟ್ಟು ಬರೆಯಲಿ. ಮರುದಿನ ಬೆಳಿಗ್ಗೆ ಅಷ್ಟೂ, ಮೇಲೆ ಹತ್ತಕ್ಕೆ ಎರಡರಂತೆ ಹೆಚ್ಚುವರಿ ತರಿಸಿ. ಹನ್ನೊಂದರೊಳಗೆ ಖಾಲಿಯಾದರೆ ಮುಂದಿನ ಸಲ ಮೂರು ಮಾಡಿ, ಸಂಜೆಗೆ ಉಳಿದರೆ ಒಂದಕ್ಕೆ ಇಳಿಸಿ. ಹಲಗೆಯನ್ನು ಅಂಗಡಿಯ ಒಳಗೆ ಇಡಬೇಡಿ, ಬಸ್ಸಿಗೆ ಕಾಯುವವರಿಗೆ ಕಾಣುವಂತೆ ಜಗಲಿಯ ಕಂಬಕ್ಕೆ ಕಟ್ಟಿ. ಮಳೆ ಎರಚಲು ಹೊಡೆಯದ ಮಗ್ಗುಲಿಗೆ, ಇಲ್ಲದಿದ್ದರೆ ಸುಣ್ಣದಕಡ್ಡಿಯ ಬರಹ ಬೆಳಗಾಗುವುದರೊಳಗೆ ಅಳಿಸಿಹೋಗಿರುತ್ತದೆ.