ಅಪ್‌ಡೇಟ್: ಎಸ್3 ಬಕೆಟ್ಟನ್ನೇ ಸ್ಟುಡಿಯೋದ ನೆಟ್‌ವರ್ಕ್ ಡ್ರೈವ್ ಮಾಡುವುದು

ಶಿರಸಿಯ ನಮ್ಮ ಫೋಟೋ ಸ್ಟುಡಿಯೋಗೆ ಎನ್‌ಎಎಸ್ (ಅಂಗಡಿಯ ನೆಟ್‌ವರ್ಕಿಗೆ ಜೋಡಿಸಿ ಎಲ್ಲರೂ ಬಳಸುವ ಡಿಸ್ಕ್ ಪೆಟ್ಟಿಗೆ) ಬದಲು ಎಸ್3 ಬಕೆಟ್ಟನ್ನೇ (ಅಮೆಜಾನ್ ಕ್ಲೌಡಿನಲ್ಲಿ ಫೈಲು ಇಡುವ ಜಾಗ) ಡ್ರೈವ್ ತರ ಮೌಂಟ್ ಮಾಡಬಹುದಾ, ಅಂದರೆ ಕಂಪ್ಯೂಟರಿಗೆ ಜೋಡಿಸಬಹುದಾ ಅಂತ ಹಿಂದೆ ಕೇಳಿದ್ದೆನಲ್ಲ, ಅದರ ಮುಂದಿನ ಕಥೆ ಇದು.

ಮೌಂಟ್ ಆರಾಮಾಗಿ ಆಗುತ್ತದೆ. ಆರ್‌ಕ್ಲೋನ್ (ಕ್ಲೌಡಿಗೆ ಫೈಲು ಸಾಗಿಸುವ ಪ್ರೋಗ್ರಾಂ) ಜೊತೆ ವಿನ್‌ಎಫ್‌ಎಸ್‌ಪಿ (ಅದನ್ನು ವಿಂಡೋಸ್‌ಗೆ ಡ್ರೈವ್ ಆಗಿ ತೋರಿಸುವ ಪ್ರೋಗ್ರಾಂ) ಹಾಕಿದರೆ ವಿಂಡೋಸ್‌ನಲ್ಲಿ ಝಡ್ ಡ್ರೈವ್ ಅಂತ ಕಾಣಿಸುತ್ತದೆ. ತೊಂದರೆ ಶುರುವಾಗುವುದು ಅದರೊಳಗೇ ಕೆಲಸ ಮಾಡಹೊರಟಾಗ. ಮಾರಿಕಾಂಬಾ ಜಾತ್ರೆಯ ಫೋಲ್ಡರಿನ ಹೆಸರು ಬದಲಿಸಿದೆವು. ಎಸ್3ಯಲ್ಲಿ ನಿಜವಾಗಿ ಫೋಲ್ಡರ್ ಅನ್ನುವುದೇ ಇಲ್ಲ, ಫೈಲಿನ ಹೆಸರಿನ ಮುಂದಿನ ಭಾಗ ಅಷ್ಟೇ, ಹಾಗಾಗಿ ಒಂದೊಂದೇ ಫೋಟೋವನ್ನು ಹೊಸ ಹೆಸರಿಗೆ ಕಾಪಿ ಮಾಡಿ ಹಳೇದನ್ನು ಅಳಿಸುತ್ತಾ ಕೂತಿತು. ಫೋಟೋಶಾಪಿನ ಪಿಎಸ್‌ಡಿ ಫೈಲಿನಲ್ಲಿ ಒಂದು ಲೇಯರ್ ತಿದ್ದಿದರೂ ಇಡೀ ಫೈಲು ಮತ್ತೆ ಅಪ್‌ಲೋಡ್. ಮಳೆಗಾಲದಲ್ಲಿ ನಮ್ಮ ಕಡೆ ಲೈನು ಹೇಗಿರುತ್ತದೆ ಗೊತ್ತಲ್ವಾ! ಇಬ್ಬರು ಒಂದೇ ಫೈಲ್ ತೆರೆದರೆ ಲಾಕ್ ಇಲ್ಲ, ಕೊನೆಗೆ ಸೇವ್ ಮಾಡಿದವರದ್ದೇ ಉಳಿಯುತ್ತದೆ.

ಆರ್‌ಕ್ಲೋನಿನ ವಿಎಫ್‌ಎಸ್ ಕ್ಯಾಶ್ ಮೋಡ್ (ಫೈಲನ್ನು ಮೊದಲು ಲೋಕಲ್ ಡಿಸ್ಕಿನಲ್ಲಿ ಇಟ್ಟುಕೊಂಡು ಆಮೇಲೆ ಕಳಿಸುವ ಸೆಟ್ಟಿಂಗ್) ಫುಲ್ ಮಾಡಿದ ಮೇಲೆ ವೇಗ ಪರವಾಗಿಲ್ಲ. ಆದರೆ ನಡುವೆ ಕರೆಂಟ್ ಹೋದರೆ, ಅಪ್‌ಲೋಡ್ ಆಗದ ಫೈಲು ಲೋಕಲ್ ಡಿಸ್ಕಿನಲ್ಲೇ ಕೂತಿರುತ್ತದೆ.

ಈಗ ಕೆಲಸವೆಲ್ಲ ಅಂಗಡಿಯ ಎನ್‌ಎಎಸ್‌ನಲ್ಲಿ, ಮುಗಿದ ಆಲ್ಬಂ ಮಾತ್ರ ರಾತ್ರಿ ಆರ್‌ಕ್ಲೋನ್ ಕಾಪಿ ಕಮಾಂಡ್ ಹಾಕಿ ಬಕೆಟ್‌ಗೆ. ಅದರ ಸಿಂಕ್ ಕಮಾಂಡ್ ಬೇಡ ಅಂದವರಿಗೆ ಥ್ಯಾಂಕ್ಸ್: ಇಲ್ಲಿ ಅಳಿಸಿದ್ದನ್ನು ಅದು ಅಲ್ಲೂ ಅಳಿಸಿಬಿಡುತ್ತದೆ.